ಲೋಚ್ ಬೇಕಾದ್ರೆ ಹೋಗಿ, ಆದ್ರೆ ಟ್ಯಾಂಕ್ ಮೇಲಿನ ಚೀಟಿ ನಂಬ್ಬೇಡಿ

ಲೋಚ್ ಅಂದ್ರೆ ಅಕ್ವೇರಿಯಂ ತಳದಲ್ಲಿ ಓಡಾಡೋ ಮೀಸೆ ಇರೋ ಮೀನು. ಚಿಕ್ಕ ಲೋಚ್ ಮಾರೋ ಅಂಗಡಿ ಬೆಂಗಳೂರಲ್ಲಿ ಬೇಕಾದಷ್ಟಿವೆ, ಯಾವ ಲೋಚ್ ಯಾವ್ದು ಅಂತ ಗೊತ್ತಿರೋರು ಕಮ್ಮಿ. ಈ ಮೀನಂಗಡಿ ಯಜಮಾನ್ರಿಗೆ ಗೊತ್ತು. ಅದಕ್ಕೇ ನಾಲ್ಕು ಸ್ಟಾರ್.

ಮೊದ್ಲು ಇಷ್ಟ ಆಗಿದ್ದು ಮೀನು ಹಿಡಿಯೋ ರೀತಿ. ಬಲೆ ಮುಟ್ಟಲ್ಲ ಇವ್ರು, ಒಂದು ಪ್ಲಾಸ್ಟಿಕ್ ಡಬ್ಬ ನೀರೊಳಗೆ ಓರೆಯಾಗಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಮೆಲ್ಲಗೆ ಅಟ್ಟಿ ಒಳಗೆ ತಗೋತಾರೆ. ಯಾಕಂದ್ರೆ ಈ ಬೋಟಿಯಾ ಗುಂಪಿನ ಲೋಚ್‌ಗಳಿಗೆ ಕಣ್ಣಿನ ಕೆಳಗೆ ಒಂದು ಮುಳ್ಳಿರುತ್ತೆ, ಗಾಬರಿಯಾದ್ರೆ ಹೊರಗೆ ಚಾಚುತ್ತೆ, ಬಲೆಗೆ ಸಿಕ್ಕಾಕೊಂಡ್ರೆ ಬಿಡಿಸೋದ್ರಲ್ಲಿ ಮೀನಿಗೆ ಗಾಯ ಗ್ಯಾರಂಟಿ. ಕವರ್ ಕೂಡ ತೂತಾಗುತ್ತೆ ಅಂತ ಡಬಲ್ ಹಾಕಿ ಕೊಟ್ರು.

ಆದ್ರೆ ಚೀಟಿ ನೋಡಿದ್ರೆ ತಲೆ ಕೆಡುತ್ತೆ. ಮೂರು ಥರ ಮರಿ ಒಂದೇ ಟ್ಯಾಂಕಲ್ಲಿ, ಮೇಲೆ 'ಲೋಚ್ ಮಿಕ್ಸ್' ಅಂತ ಬರೆದಿದ್ದಾರೆ ಅಷ್ಟೇ. ಮೈ ತುಂಬಾ ಸಣ್ಣ ಸಣ್ಣ ಓರೆ ಪಟ್ಟೆ ಒತ್ತೊತ್ತಾಗಿ ಇದ್ರೆ ಜೀಬ್ರಾ, ಎಂಟು ಹತ್ತು ಸೆಂಟಿಮೀಟರಿಗೆ ನಿಲ್ಲುತ್ತೆ. ಬೆಳ್ಳಿ ಮೈ ಮೇಲೆ ಕಪ್ಪು ಬಲೆ ಥರ ಡಿಸೈನ್ ಇದ್ರೆ ಯೋಯೋ, ಅದು ಇನ್ನೂ ದೊಡ್ಡದಾಗುತ್ತೆ, ಸ್ವಲ್ಪ ರೌಡಿ ಕೂಡ. ಕಿತ್ತಳೆ ಮೈಗೆ ಮೂರು ಅಗಲ ಕಪ್ಪು ಪಟ್ಟೆ ಇರೋದು ಕ್ಲೌನ್, ಎರಡಿಂಚಿನ ಮರಿ ನೋಡಿ ಮುದ್ದು ಬಂದು ತಗೊಂಡ್ರೋ ಮುಗೀತು, ಅದು ಒಂದಡಿವರೆಗೆ ಬೆಳೆಯೋ ಮೀನು. ನಾನು ಅದರ ಕಡೆ ಕೈ ತೋರಿಸಿದ್ದಕ್ಕೆ "ಸಾರ್ ನಿಮ್ದು ಎಷ್ಟಡಿ ಟ್ಯಾಂಕು?" ಅಂದ್ರು, ಮೂರಡಿ ಅಂದೆ, "ಹಂಗಾದ್ರೆ ಅದು ಬೇಡ ಬಿಡಿ" ಅಂತ ಮಾರೋಕೇ ಒಪ್ಪಲಿಲ್ಲ. ಬರೋ ಗಿರಾಕಿನ ಹಿಂಗೆ ವಾಪಸ್ ಕಳ್ಸೋ ಅಂಗಡಿ ಎಲ್ಲಿದೆ ಹೇಳಿ!

ಕೊನೆಗೆ ಜೀಬ್ರಾ ತಗೊಂಡೆ, ಗುಂಪಾಗೇ ತಗೋಬೇಕು, ಒಂದೋ ಎರಡೋ ತಂದ್ರೆ ಮೂಲೆ ಬಿಟ್ಟು ಹೊರಗೇ ಬರಲ್ಲ. ಅಂದಹಾಗೆ ಇದು ನಮ್ಮ ಪಶ್ಚಿಮ ಘಟ್ಟದ ಮೀನು, 1920ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ಅವ್ರು ತುಂಗಾ ನದಿಯ ಮೀನು ನೋಡಿ ಬೋಟಿಯಾ ಸ್ಟ್ರಿಯಾಟಾ ಅಂತ ಹೆಸರಿಟ್ಟಿದ್ದು. ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಫಾರ್ಮಲ್ಲಿ ಬೆಳೆಸಿದ್ದಾ ನದಿಯಿಂದ ಹಿಡಿದಿದ್ದಾ ಅಂತ ಕೇಳಿದ್ರೆ "ಕೋಲ್ಕತ್ತಾ ಮಾಲು ಸಾರ್" ಅಂದ್ರು, ಅದರಾಚೆ ಉತ್ತರ ಇಲ್ಲ. ಕಟ್ ಆದ ಒಂದು ಸ್ಟಾರ್ ಇದಕ್ಕೆ, ಮತ್ತೆ ಆ ಚೀಟಿಗೆ.

ಮನೆಗೆ ತಂದ್ಮೇಲೆ ನೋಡ್ಕೊಳ್ಳೋದು ಏನೂ ಕಷ್ಟ ಇಲ್ಲ. ತಳಕ್ಕೆ ನುಣುಪು ಮರಳು ಹಾಕಿ, ಚೂಪು ಕಲ್ಲು ಹಾಕಿದ್ರೆ ಮೀಸೆ ಸವೆದುಹೋಗುತ್ತೆ. ದೇಹಕ್ಕಿಂತ ಸ್ವಲ್ಪ ದೊಡ್ಡ ಸಂದು ಕಂಡ್ರೆ ಸಾಕು ತೂರ್ಕೊಳ್ತವೆ, ಫಿಲ್ಟರ್ ಪೈಪ್ ಬಾಯಿಗೆ ಸ್ಪಾಂಜ್ ಸಿಕ್ಕಿಸಿ. ಮುಚ್ಚಳ ಇಲ್ದೆ ಇಡ್ಲೇಬೇಡಿ, ಹಾರ್ತವೆ. ಕಾರ್ಪೊರೇಷನ್ ನೀರಾದ್ರೆ ಆಂಟಿ ಕ್ಲೋರಿನ್ ಕಡ್ಡಾಯ. ಒಂದೊಂದ್ಸಲ ಮಗ್ಗುಲಾಗಿ ಮಲಗಿ ಸತ್ತಂಗೆ ಬಿದ್ದಿರ್ತವೆ, ಮನೆಯವ್ರು ಹೆದರಿ ಕಿರುಚೋ ಮುಂಚೆ ಗಾಜು ತಟ್ಟಿ ನೋಡಿ, ಎದ್ದು ಓಡ್ತವೆ. ಗಿಡದ ಜೊತೆ ಬಂದಿದ್ದ ಬಸವನಹುಳುಗಳನ್ನೂ ಇವು ತಿಂದು ಮುಗಿಸಿವೆ, ನಮ್ಮ ಟ್ಯಾಂಕಲ್ಲಿ ಈಗ ಒಂದೂ ಇಲ್ಲ, ಖಾಲಿ ಚಿಪ್ಪು ಮಾತ್ರ ಮರಳಲ್ಲಿ ಬಿದ್ದಿವೆ.

ಒಂದು ವಿಷ್ಯ ಹುಷಾರು. ವೈಟ್ ಸ್ಪಾಟ್ (ಮೈ ಮೇಲೆ ಬಿಳಿ ಚುಕ್ಕಿ ಏಳೋ ರೋಗ) ಬಂದ್ರೆ ಲೋಚ್‌ಗೇ ಮೊದ್ಲು ಬರುತ್ತೆ, ಇವಕ್ಕೆ ಹುರುಪೆ ತೀರಾ ಸಣ್ಣದು, ಔಷಧಿ ಬೇಗ ತಟ್ಟುತ್ತೆ. ಕೌಂಟರಲ್ಲಿ ಇರೋ ಹುಡುಗ ಬಾಟ್ಲಿ ಮೇಲೆ ಬರ್ದಷ್ಟೇ ಹಾಕಿ ಅಂತಾನೆ, ಯಜಮಾನ್ರು "ಅರ್ಧ ಹಾಕಿ, ತಾಮ್ರ ಇರೋದಂತೂ ಬೇಡ" ಅಂದ್ರು, ಅವ್ರು ಹೇಳಿದ್ದೇ ಸರಿ. ಹೊಟ್ಟೆ ಒಳಗೆ ಹೋಗಿ ಬೆನ್ನು ಕತ್ತಿ ಥರ ಕಾಣೋ ಮರಿ ಆ ಟ್ಯಾಂಕಲ್ಲಿ ಒಂದೆರಡಿದ್ವು, ಅಂಥದ್ದು ಬೇಡ ಅಂದ್ರೆ ಬದಲಾಯಿಸಿ ಕೊಡ್ತಾರೆ, ಬೇಜಾರ್ ಮಾಡ್ಕೊಳಲ್ಲ. ರೇಟು ಬೇರೆ ಕಡೆಗಿಂತ ಸ್ವಲ್ಪ ಜಾಸ್ತಿನೇ, ಚೌಕಾಸಿ ನಡೆಯಲ್ಲ. ಭಾನುವಾರ ಸಂಜೆ ಹುಡುಗ ಒಬ್ನೇ ಇರ್ತಾನೆ, ವಾರದ ದಿನ ಯಜಮಾನ್ರು ಇದ್ದಾಗ ಹೋಗಿ.