ಕ್ಲಿಕ್ಕರ್: ಬೆರಳಿಗಿಂತ ಕಣ್ಣಿಗೇ ಹೆಚ್ಚು ಕೆಲಸ

ನಾಯಿಗೆ ಪಾಠ ಕಲಿಸಲು ಬಳಸುವ ಕ್ಲಿಕ್ಕರ್ ಎಂದರೆ ಮುಷ್ಟಿಯೊಳಗೆ ಅಡಗುವ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಬಾಗಿದ ಸ್ಟೀಲ್ ಪಟ್ಟಿ. ಒತ್ತಿದರೆ ‘ಟಿಕ್’, ಬಿಟ್ಟರೆ ‘ಟಕ್’. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದ ಅಮೆರಿಕದ ಪ್ಯಾರಾಟ್ರೂಪರ್‌ಗಳು ಕತ್ತಲಲ್ಲಿ ತಮ್ಮವರನ್ನು ಗುರುತಿಸಲು ಬಳಸಿದ್ದು ಇದರದೇ ಅಣ್ಣನಂಥ ಆಟಿಕೆಯನ್ನು. ನಾಯಿಗೆ ಇದು ಹೇಳುವುದು ಒಂದೇ ಮಾತು: ‘ಈಗ ಮಾಡಿದೆಯಲ್ಲ, ಅದು ಸರಿ, ತಿನಿಸು ಬರುತ್ತಿದೆ.’ ಕರೆಯಲು, ಗದರಿಸಲು, ಗಮನ ಸೆಳೆಯಲು ಇದನ್ನು ಬಳಸಿದವರು ಹಣ ಹಾಳುಮಾಡಿಕೊಂಡಂತೆ.

ಎರಡು ಬಗೆಯವು ಸಿಗುತ್ತವೆ. ಡಬ್ಬಿ ಮಾದರಿಯ ಶಬ್ದ ಚುರುಕು, ಬಯಲಲ್ಲೂ ಕೇಳಿಸುತ್ತದೆ. ಆದರೆ ಪಟ್ಟಿಗೆ ಜೊಲ್ಲು, ನೀರು ತಾಗಿದರೆ ತುಕ್ಕು ಹಿಡಿದು ದನಿ ಮಂಕಾಗುತ್ತದೆ. ಸದ್ದಿಗೆ ಬೆಚ್ಚುವ ನಾಯಿಗಂತೂ ಇದು ಬೇಡವೇ ಬೇಡ. ಗುಂಡಿ ಮಾದರಿಯದು ಮೆತ್ತಗೆ ನುಡಿಯುತ್ತದೆ, ಹೆಬ್ಬೆರಳಿಗೂ ಹಿತ. ಮನೆಯೊಳಗಿನ ಕಲಿಕೆಗೆ ಅದನ್ನೇ ಆರಿಸಿ, ಜೊತೆಗೆ ಮಣಿಕಟ್ಟಿನ ಪಟ್ಟಿಯೂ ಇರಲಿ. ನಾಯಿಯ ಹಗ್ಗ, ತಿನಿಸು, ಕ್ಲಿಕ್ಕರ್ ಮೂರನ್ನೂ ಹಿಡಿಯಲು ಯಾರಿಗೂ ಮೂರು ಕೈಗಳಿಲ್ಲ. ಗುಂಡಿ ಮಾದರಿಯ ಸದ್ದಿಗೂ ನಾಯಿ ಬೆದರಿದರೆ ಕ್ಲಿಕ್ಕರನ್ನು ಬಟ್ಟೆಯಲ್ಲಿ ಸುತ್ತಿ ಜೇಬಿನೊಳಗೆ ಒತ್ತಿ. ಬಾಲ್‌ಪೆನ್ನಿನ ಗುಂಡಿಯೂ ಆದೀತು.

ಬಳಸುವ ಮೊದಲು ಈ ಸದ್ದಿಗೊಂದು ಅರ್ಥ ಕೊಡಬೇಕು. ಒಂದು ಕ್ಲಿಕ್, ಒಂದೆರಡು ಸೆಕೆಂಡಿನೊಳಗೆ ಬಟಾಣಿ ಗಾತ್ರದ ಮೆತ್ತನೆಯ ತಿನಿಸು. ಹೀಗೆ 15–20 ಸಲ. ಕ್ಲಿಕ್ ಕೇಳಿದೊಡನೆ ನಾಯಿ ತಿನಿಸಿಗಾಗಿ ತಿರುಗಿದರೆ ಅರ್ಥವಾಯಿತೆಂದೇ ಲೆಕ್ಕ. ಆಮೇಲೆ 3–5 ನಿಮಿಷದ ಪಾಠ ಸಾಕು. ಹತ್ತರಲ್ಲಿ ಎಂಟು ಸಲ ಸರಿಯಾದರೆ ಪಾಠವನ್ನು ಒಂದು ಮೆಟ್ಟಿಲು ಕಠಿಣಗೊಳಿಸಿ.

ಇಲ್ಲಿ ಹೆಚ್ಚಿನವರು ಎಡವುವುದು ಹೊತ್ತಿನ ಲೆಕ್ಕದಲ್ಲಿ. ‘ಕೂತ್ಕೋ’ ಕಲಿಸುವಾಗ ಕುಂಡೆ ನೆಲಕ್ಕೆ ತಾಗಿದ ಗಳಿಗೆಗೆ ಕ್ಲಿಕ್ ಬೀಳಬೇಕು. ಒಂದು ಸೆಕೆಂಡ್ ತಡವಾದರೆ ನಾಯಿ ಏಳುತ್ತಿರುತ್ತದೆ, ನೀವು ಏಳುವುದಕ್ಕೆ ಸಂಬಳ ಕೊಟ್ಟಿರುತ್ತೀರಿ. ಇನ್ನೊಂದು ತಪ್ಪು, ಕ್ಲಿಕ್‌ಗೆ ಮೊದಲೇ ಕೈ ತಿನಿಸಿನ ಚೀಲಕ್ಕೆ ಹೋಗುವುದು; ಆಗ ನಾಯಿ ಕೈಯನ್ನು ನೋಡುತ್ತದೆಯೇ ಹೊರತು ಸದ್ದು ಅದರ ಕಿವಿಗೆ ಬೀಳುವುದಿಲ್ಲ. ನಾಯಿಯಿಲ್ಲದೆ ಅಭ್ಯಾಸ ಮಾಡಿ: ಯಾರಾದರೂ ಚೆಂಡು ಬೀಳಿಸಲಿ, ಅದು ನೆಲ ಮುಟ್ಟಿದಾಗ ಒತ್ತಿ. ತಪ್ಪಿ ಒತ್ತಿದರೂ ತಿನಿಸು ಕೊಡಲೇಬೇಕು. ಒಂದೆರಡು ತುಂಡಿನ ನಷ್ಟ ಪರವಾಗಿಲ್ಲ, ಸದ್ದಿನ ಮೇಲಿನ ನಂಬಿಕೆ ಹೋಗಬಾರದು.

ಪ್ರತಿ ಪೊಟ್ಟಣದ ಮೇಲೂ ದಪ್ಪಕ್ಷರದಲ್ಲಿ ಇರಬೇಕಾದದ್ದು ಇದು: ಕ್ಲಿಕ್ಕರ್ ನಾಯಿಯ ಮನಸ್ಸನ್ನು ಓದಿಕೊಡುವುದಿಲ್ಲ. ತಿನಿಸು ಎದುರಿಗಿಲ್ಲದಾಗಲೂ ತುಟಿ ನೆಕ್ಕುವುದು, ನಿದ್ದೆಯಿಲ್ಲದ ಆಕಳಿಕೆ, ಮುಖ ತಿರುಗಿಸುವುದು, ಒಂದು ಮುಂಗಾಲು ಎತ್ತಿ ನಿಲ್ಲುವುದು, ಇದ್ದಕ್ಕಿದ್ದಂತೆ ನೆಲ ಮೂಸತೊಡಗುವುದು ಬಹುಮಟ್ಟಿಗೆ ‘ನನಗೆ ಕಷ್ಟವಾಗುತ್ತಿದೆ’ ಎಂಬುದರ ಗುರುತು. ಇವನ್ನು ಮೊಂಡುತನವೆಂದು ತಿಳಿದು ಮತ್ತೆ ಮತ್ತೆ ಆಜ್ಞೆ ಕೊಟ್ಟರೆ ಪಾಠ ಅಲ್ಲೇ ಕೆಡುತ್ತದೆ. ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಂಡು ಮೈ ಸೆಟೆದರೆ ದೂರ ಸರಿಯಿರಿ. ಗುರುಗುಟ್ಟಿದ್ದಕ್ಕೆ ಹೊಡೆದರೆ ಭಯ ಹೋಗದು, ಎಚ್ಚರಿಕೆಯಷ್ಟೇ ಹೋಗುತ್ತದೆ. ಮುಂದಿನ ಸಲ ನೇರವಾಗಿ ಕಚ್ಚೀತು.

ಬಾಲ ಆಡಿದರೆ ಖುಷಿ ಎಂಬುದೂ ಪೂರ್ತಿ ನಿಜವಲ್ಲ. 2007ರಲ್ಲಿ ಇಟಲಿಯ ಸಂಶೋಧಕರು, ಒಡೆಯನನ್ನು ಕಂಡಾಗ ಬಾಲ ಬಲಕ್ಕೆ, ಅಪರಿಚಿತ ಜೋರಿನ ನಾಯಿಯನ್ನು ಕಂಡಾಗ ಎಡಕ್ಕೆ ಹೆಚ್ಚು ವಾಲುವುದನ್ನು ತೋರಿಸಿದರು. ಇದು ಬರಿಗಣ್ಣಿಗೆ ಸುಲಭವಾಗಿ ಸಿಗದು. ಎತ್ತಿ ಬಿಗಿಹಿಡಿದ ಬಾಲದ ತುದಿ ಮಾತ್ರ ಸಣ್ಣಗೆ ಅದುರುತ್ತಿದೆಯೋ, ಸೊಂಟದ ಸಮೇತ ಇಡೀ ಮೈ ಸಡಿಲವಾಗಿ ಬಳುಕುತ್ತಿದೆಯೋ ನೋಡಿ, ಅಷ್ಟು ಸಾಕು.

ಇಷ್ಟದ ತಿನಿಸನ್ನೂ ಮೂಸಿ ಬಿಟ್ಟಿತೇ? ಹೊಟ್ಟೆ ತುಂಬಿಲ್ಲ, ಕಾಯಿಲೆಯಿಲ್ಲ ಎಂದಾದರೆ ಹೆದರಿಕೆಯೋ ಉದ್ವೇಗವೋ ಅಳತೆ ಮೀರಿದೆ. ಕ್ಲಿಕ್ಕರ್ ಜೇಬಿಗೆ ಹಾಕಿ, ಹೆದರಿಸಿದ ವಸ್ತುವಿನಿಂದ ನಾಯಿ ಮತ್ತೆ ತಿನ್ನುವಷ್ಟು ದೂರಕ್ಕೆ ಕರೆದೊಯ್ಯಿರಿ.

ಕೊಳ್ಳಬಹುದೇ? ಹೊಸ ವರ್ತನೆಯನ್ನು ತುಣುಕು ತುಣುಕಾಗಿ ಕಟ್ಟಲು ಖಂಡಿತ. ಕಲಿತದ್ದನ್ನು ಉಳಿಸಿಕೊಳ್ಳಲು ಬೇಕಿಲ್ಲ, ‘ಶಭಾಷ್’ ಎಂಬ ಮಾತು, ಆಗಾಗ ಒಂದು ತಿನಿಸು ಸಾಕು. ಕಿವಿ ಕೇಳದ ನಾಯಿಗೆ ಇದು ನಿರುಪಯೋಗಿ. ಎತ್ತಿದ ಹೆಬ್ಬೆರಳೇ ಅದಕ್ಕೆ ಕ್ಲಿಕ್.