ನಂಬರ್ ನೋಡಿ ಬಿಟ್ಟ ಉಂಗುರ: ಡಿಸ್ಪ್ಲೇ ಇರುವ, ಇಲ್ಲದ ಎರಡು ಡಿಟೆಕ್ಟರ್‌ಗಳ ಜೊತೆ ನಾಲ್ಕು ವರ್ಷ

ಅದೇ ಮೈದಾನ, ಅದೇ ಮೂಲೆ. ಡಿಸ್ಪ್ಲೇ ಇರುವ ಮೆಟಲ್ ಡಿಟೆಕ್ಟರ್ (ನೆಲದಡಿಯ ಲೋಹ ಹುಡುಕುವ ಯಂತ್ರ) ಹಿಡಿದು ಮೂರು ವರ್ಷದಲ್ಲಿ ಆ ಮೂಲೆಯನ್ನು ಎಷ್ಟು ಸಲ ಸುತ್ತಿದ್ದೇನೋ ಲೆಕ್ಕವಿಲ್ಲ. ಕಳೆದ ವರ್ಷ ಡಿಸ್ಪ್ಲೇ ಇಲ್ಲದ ಯಂತ್ರ ತೆಗೆದುಕೊಂಡು ಹೋದ ನಾಲ್ಕನೇ ದಿನ ಅಲ್ಲೇ ಒಂದು ತೆಳು ಚಿನ್ನದ ಉಂಗುರ ಸಿಕ್ಕಿತು. ಅರ್ಧ ಗೇಣು ಆಳವೂ ಇರಲಿಲ್ಲ. ಮೈದಾನ ನೋಡಿಕೊಳ್ಳುವವರಿಗೆ ಕೊಟ್ಟೆ, ಅವರು ವಿಚಾರಿಸಿ ಕಳೆದುಕೊಂಡವರನ್ನು ಹುಡುಕಿದರು. ಬಿದ್ದು ಆರು ವರ್ಷ ಆಗಿತ್ತಂತೆ. ಅಂದರೆ ಆ ಮೂರು ವರ್ಷವೂ ಉಂಗುರ ನನ್ನ ಕಾಯಿಲ್ (ನೆಲದ ಮೇಲೆ ಆಡಿಸುವ ಯಂತ್ರದ ತಟ್ಟೆ) ಕೆಳಗೇ ಇತ್ತು.

ಕೊಡುವ ಮುಂಚೆ ಅದನ್ನು ಡಿಸ್ಪ್ಲೇ ಯಂತ್ರದ ಮುಂದೆ ಆಡಿಸಿ ನೋಡಿದೆ. ಯಾವ ಬಗೆಯ ಲೋಹ ಇರಬಹುದು ಅಂತ ಅಂದಾಜಿಸಲು ಅದು ತೋರಿಸುವ 0ಯಿಂದ 99ರವರೆಗಿನ ಸ್ಕೇಲಿನಲ್ಲಿ 41, 42, ಮತ್ತೆ 41. ಆ ನಂಬರ್ ನನಗೆ ಚೆನ್ನಾಗಿ ಗೊತ್ತು. ಬೇಗಡೆ ಚೂರು ಅಂತ ದಿನಾ ಬಿಟ್ಟು ಮುಂದೆ ಹೋಗುತ್ತಿದ್ದ ನಂಬರ್ ಅದು. ಆ ಸಂಜೆ ತುಂಬಾ ಬೇಜಾರಾಯಿತು. ಈ ವಿಮರ್ಶೆ ಬರೆಯೋಕೆ ಅದೇ ಕಾರಣ.

ತೂಕ, ಕಾಯಿಲ್ ಅಳತೆ, ಎಷ್ಟು ಮೋಡ್ ಇವೆ ಅನ್ನೋದೆಲ್ಲ ನೀವು ನೋಡಿರುತ್ತೀರಿ, ಬಿಡಿ. ನನ್ನ ಎರಡೂ ಒಂದೊಂದೇ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುವ ಸಾಮಾನ್ಯ ಯಂತ್ರಗಳು. ಮೊದಲನೆಯದು ಹೊಸದು, ಎರಡನೆಯದು ಸೆಕೆಂಡ್ ಹ್ಯಾಂಡ್. ಎರಡಕ್ಕೂ ಕೈಯಲ್ಲಿದ್ದ ದುಡ್ಡು ಅಷ್ಟಕ್ಕಷ್ಟೇ, ಹಾಗಾಗಿ ದುಬಾರಿ ಯಂತ್ರಗಳ ಬಗ್ಗೆ ನಾನು ಹೇಳಲ್ಲ.

ಮೊದಲು ಡಿಸ್ಪ್ಲೇ ಮೇಲಿನ ನನ್ನ ದೂರು. ಕಾಯಿಲ್ ಹೊರಡಿಸುವ ಕಾಂತಕ್ಷೇತ್ರ ಲೋಹಕ್ಕೆ ತಾಗಿದಾಗ ಅದರೊಳಗೆ ಸಣ್ಣ ವಿದ್ಯುತ್ ಸುಳಿ ಏಳುತ್ತದೆ, ಅದರಿಂದ ಮರಳಿ ಬರುವ ಸಿಗ್ನಲ್ ಸ್ವಲ್ಪ ತಡವಾಗಿ ಬರುತ್ತದೆ, ಆ ತಡವನ್ನು ಅಳೆದು ಯಂತ್ರ ಒಂದು ನಂಬರ್ ಮಾಡಿ ತೋರಿಸುತ್ತದೆ. ಅಷ್ಟೇ. ಅದು ಲೋಹದ ಹೆಸರಲ್ಲ. ವಸ್ತುವಿನ ಗಾತ್ರ, ದಪ್ಪ, ಆಕಾರ, ಅದು ಮಲಗಿದೆಯೋ ನಿಂತಿದೆಯೋ, ಪಕ್ಕದಲ್ಲಿ ಮೊಳೆ ಇದೆಯೋ, ಮಣ್ಣಿನಲ್ಲಿ ಕಬ್ಬಿಣದ ಅಂಶ ಎಷ್ಟಿದೆ, ಎಲ್ಲವೂ ಸೇರಿ ಆ ನಂಬರ್ ಆಗಿರುತ್ತದೆ. ದಪ್ಪ ಬೆಳ್ಳಿ ನಾಣ್ಯ ಮೇಲಿನ ಕಡೆ ಗಟ್ಟಿಯಾಗಿ ನಿಲ್ಲುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ತೆಳು ಚಿನ್ನದ ಉಂಗುರಕ್ಕೂ ಅಲ್ಯುಮಿನಿಯಂ ಬೇಗಡೆಗೂ, ಸ್ವಲ್ಪ ದಪ್ಪ ಉಂಗುರಕ್ಕೂ ತಂಪುಪಾನೀಯದ ಕ್ಯಾನ್ ತೆರೆಯುವ ಕಿವಿಗೂ ಒಂದೇ ನಂಬರ್ ಬರಬಹುದು. ಕಡಿಮೆ ಬೆಲೆಯ ಯಂತ್ರಗಳಲ್ಲಿ ಆ ಜಾಗದಲ್ಲಿ ಉಂಗುರದ ಚಿತ್ರ, ನಾಣ್ಯದ ಚಿತ್ರ ಬೇರೆ ಹಾಕಿರುತ್ತಾರೆ. ಹೊಸಬರಿಗೆ ಇದು ಮೋಸ ಅಂತಲೇ ನನ್ನ ಅಭಿಪ್ರಾಯ.

ನಂಬರ್ ತಪ್ಪಾಗುವುದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಣ್ಣಿಗೆ ನಂಬರ್ ಸಿಕ್ಕ ಕೂಡಲೇ ಕಿವಿ ಕೆಲಸ ನಿಲ್ಲಿಸುತ್ತದೆ. ಮೂರು ವರ್ಷ ನಾನು ನೆಲ ನೋಡಲಿಲ್ಲ, ಸದ್ದು ಕೇಳಲಿಲ್ಲ, ಅಂಗೈ ಅಗಲದ ಗಾಜು ನೋಡುತ್ತಾ ನಡೆದೆ.

ಡಿಸ್ಪ್ಲೇ ಇಲ್ಲದ್ದು ಹೊಸದಾಗಿ ಸಿಗುವುದು ಈಗ ಕಡಿಮೆ. ಬರೀ ನಾಬ್ ಇರುವ ಯಂತ್ರಗಳಿಗೆ ಹೆಸರಾಗಿದ್ದ ಅಮೆರಿಕದ ಟೆಸೊರೊ 2018ರಲ್ಲಿ ಬಾಗಿಲು ಹಾಕಿತು. ನನ್ನದು ಅದಲ್ಲ, ಅದೇ ಬಗೆಯ ಬೇರೊಂದು. ಮೂರು ನಾಬ್, ಒಂದು ಸ್ಪೀಕರ್, ಹೆಡ್‌ಫೋನ್ ಚುಚ್ಚಲು ಒಂದು ತೂತು. ಮುಗೀತು.

ಆದರೆ ಬೇಡದ ಲೋಹಗಳ ಸದ್ದನ್ನು ಅಡಗಿಸುವ ಆ ಡಿಸ್ಕ್ರಿಮಿನೇಶನ್ ನಾಬ್ ಇದೆಯಲ್ಲ, ನನಗೆ ಈ ಹವ್ಯಾಸವನ್ನು ಮತ್ತೆ ಹೊಸದು ಮಾಡಿದ್ದೇ ಅದು. ಸಿಗ್ನಲ್ ಬಂತು ಅಂದರೆ ಅಲ್ಲೇ ನಿಲ್ಲುತ್ತೇನೆ. ಕಾಯಿಲ್ಲನ್ನು ಹುಲ್ಲಿಗೆ ತಾಗುವಷ್ಟು ಕೆಳಗೆ ಇಟ್ಟು ಸಣ್ಣದಾಗಿ ಆಚೀಚೆ ಆಡಿಸುತ್ತಾ, ಹೆಬ್ಬೆರಳಿನಿಂದ ನಾಬ್ ನಿಧಾನಕ್ಕೆ ತಿರುಗಿಸುತ್ತಾ ಹೋಗುತ್ತೇನೆ. ಮೊದಲೇ ಕಬ್ಬಿಣದ ಮೊಳೆಗಳು ಸುಮ್ಮನಾಗುತ್ತವೆ. ಆಮೇಲೆ ಬೇಗಡೆ. ಎಲ್ಲೋ ಒಂದು ಕಡೆ ಸದ್ದು ಒಡೆಯೋಕೆ ಶುರುವಾಗುತ್ತದೆ, ಬಿಟ್ಟುಬಿಟ್ಟು ಕೇಳುತ್ತದೆ, ಇನ್ನೊಂದು ಕೂದಲೆಳೆ ತಿರುಗಿಸಿದರೆ ಮಾಯ. ಎಲ್ಲಿ ಮಾಯವಾಯಿತೋ ಅಲ್ಲಿಂದ ಅದು ಯಾವ ಗುಂಪಿನ ವಸ್ತು ಅಂತ ಅಂದಾಜು ಮಾಡಬೇಕು. ಮನೆಯಲ್ಲಿ ಗೊತ್ತಿರುವ ವಸ್ತುಗಳನ್ನೆಲ್ಲ ಒಂದೊಂದಾಗಿ ಆಡಿಸಿ, ಅವು ಮಾಯವಾಗುವ ಜಾಗಕ್ಕೆಲ್ಲ ನಾಬ್ ಸುತ್ತ ಕೆಂಪು ನೈಲ್ ಪಾಲಿಶ್‌ನಲ್ಲಿ ಚುಕ್ಕೆ ಇಟ್ಟಿದ್ದೇನೆ. ಐದು ಚುಕ್ಕೆ. ಎರಡು ಈಗ ಅರ್ಧ ಸವೆದಿವೆ, ಬೆರಳಿಗೇ ಗೊತ್ತಿರುವುದರಿಂದ ಮತ್ತೆ ಹಚ್ಚಿಲ್ಲ.

ಈ ನಾಬ್ ಕೂಡ ಉಂಗುರ ಯಾವುದು ಬೇಗಡೆ ಯಾವುದು ಅಂತ ಬಿಡಿಸಿ ಹೇಳುವುದಿಲ್ಲ. ಆದರೆ ಅಷ್ಟು ಹೊತ್ತು ಒಂದೇ ಸದ್ದಿಗೆ ಕಿವಿ ಕೊಟ್ಟಾಗ ಅದರ ಅಂಚು ಕೇಳಿಸುತ್ತದೆ. ಬೇಗಡೆಯದು ಸಾಮಾನ್ಯವಾಗಿ ಗೀಚಿದ ಹಾಗೆ, ಒಂದು ದಿಕ್ಕಿನಿಂದ ಒಂದು ಥರ, ತೊಂಬತ್ತು ಡಿಗ್ರಿ ತಿರುಗಿ ನಿಂತು ಕೇಳಿದರೆ ಇನ್ನೊಂದು ಥರ. ಆ ಉಂಗುರದ್ದು ಹಾಗಿರಲಿಲ್ಲ. ಸಣ್ಣ ಸದ್ದು, ಆದರೆ ದುಂಡಗೆ, ನಾಲ್ಕೂ ಕಡೆಯಿಂದ ಒಂದೇ ಸಮ. ಅಗೆಯುವ ಮುಂಚೆಯೇ ಎದೆ ಹೊಡೆದುಕೊಳ್ಳುತ್ತಿತ್ತು.

ಅಂದಹಾಗೆ, ಲೋಹ ಹುಡುಕುವುದು ಶುರುವಾಗಿದ್ದೇ ಕಿವಿಯಿಂದ. 1881ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯಲ್ಲಿ ಗುಂಡು ಎಲ್ಲಿದೆ ಅಂತ ಹುಡುಕಲು ಗ್ರಹಾಂ ಬೆಲ್ ಕಾಯಿಲ್‌ಗಳ ಯಂತ್ರ ತಂದಾಗ ಟೆಲಿಫೋನ್ ರಿಸೀವರ್ ಕಿವಿಗಿಟ್ಟು ಕೇಳುತ್ತಿದ್ದರು. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗ್ ಅಡ್ಡ ಬಂತು ಅನ್ನುತ್ತಾರೆ. ಶೂಗಳಲ್ಲಿ ಕಬ್ಬಿಣದ ತುಂಡಿದ್ದರೆ ನಿಮಗೂ ಅದೇ ಗತಿ, ನೋಡಿಕೊಳ್ಳಿ.

ಇಷ್ಟೆಲ್ಲ ಹೊಗಳಿದ ಮೇಲೆ ಇದರ ಕಷ್ಟವನ್ನೂ ಹೇಳಬೇಕು. ಆರು ತಿಂಗಳಾಗುವ ಹೊತ್ತಿಗೆ ಸುಸ್ತಾಯಿತು. ಒಂದು ಹಳೇ ಮನೆ ಬಿದ್ದ ಜಾಗಕ್ಕೆ ಅನುಮತಿ ಸಿಕ್ಕಿತ್ತು, ಮೊಳೆ, ತಗಡು, ತಂತಿ ತುಂಬಿದ ಜಾಗ. ದೊಡ್ಡ ತುಕ್ಕು ತಗಡು ಕೆಲವು ಸಲ ಒಳ್ಳೆ ಲೋಹದ ಹಾಗೇ ಗಟ್ಟಿಯಾಗಿ ಕೂಗುತ್ತದೆ, ನಾಬ್ ತಿರುಗಿಸಿದರೂ ಸುಮ್ಮನಾಗುವುದಿಲ್ಲ. ಒಂದು ಬೆಳಿಗ್ಗೆ ಮೊಣಕೈ ಮುಳುಗುವಷ್ಟು ಅಗೆದಿದ್ದು ಮೂರು ಗುಂಡಿ, ಮೂರರಲ್ಲೂ ತಗಡು. ಡಿಸ್ಪ್ಲೇ ಇದ್ದಿದ್ದರೆ ನಂಬರ್ ಒಂದು ಸಲ ತುದಿಗೆ, ಒಂದು ಸಲ ತಳಕ್ಕೆ ಹಾರುವುದು ಕಾಣುತ್ತಿತ್ತು. ಹಾಗೆ ಹಾರಿದರೆ ತುಕ್ಕು ಕಬ್ಬಿಣ ಇರಬಹುದು ಅನ್ನುವ ಗುಮಾನಿಯಾದರೂ ಬರುತ್ತಿತ್ತು. ಆಳ ಎಷ್ಟು ಅನ್ನುವ ಅಂದಾಜೂ ಇದರಲ್ಲಿ ಇಲ್ಲ. ಬ್ಯಾಟರಿ ಇಳಿದಿದೆ ಅಂತ ನನ್ನ ಯಂತ್ರ ಹೇಳುವುದೇ ಇಲ್ಲ. ಅದಕ್ಕೇ ಪ್ರತಿ ಸಲ ಶುರು ಮಾಡುವ ಮುಂಚೆ ಹುಲ್ಲಿನ ಮೇಲೆ ಒಂದು ನಾಣ್ಯ ಹಾಕಿ, ಎಷ್ಟು ಎತ್ತರದಿಂದ ಕೇಳುತ್ತದೆ ಅಂತ ಗೇಣು ಹಾಕಿ ನೋಡುತ್ತೇನೆ. ಕೇಳುವ ಎತ್ತರ ಕಡಿಮೆಯಾಯಿತೋ, ಹೊಸ ಬ್ಯಾಟರಿ.

ಅಲ್ಲಿಂದ ಡಿಸ್ಪ್ಲೇ ಯಂತ್ರದ ಮೇಲಿನ ಸಿಟ್ಟು ಇಳಿಯಿತು. ಮತ್ತೆ ಹಿಡಿದಾಗ ಅದು ಬೇರೆಯೇ ಯಂತ್ರ ಅನ್ನಿಸಿತು. ಮೊದಲು ಸದ್ದು ಕೇಳಿ ಆಮೇಲೆ ನಂಬರ್ ನೋಡಿದರೆ, ಆ ನಂಬರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಯಾವುದು ತಗೊಳ್ಳಲಿ ಅಂತ ಕೇಳಿದರೆ: ಕಸ ಜಾಸ್ತಿ ಇರುವ ಜಾಗ, ವಾರಕ್ಕೆ ಎರಡು ಗಂಟೆ ಸಮಯ, ಮೊಣಕಾಲು ನೋವು ಇದ್ದರೆ ಡಿಸ್ಪ್ಲೇ ಇರುವುದೇ ಸರಿ. ಕಸ ಕಡಿಮೆ ಇರುವ ಬಯಲು, ಒಣ ಮರಳು, ಪ್ರತಿ ಸಿಗ್ನಲ್ಲೂ ಅಗೆಯುವ ತಾಳ್ಮೆ ಇದ್ದರೆ ಇಲ್ಲದ್ದು ತಗೊಳ್ಳಿ, ಖುಷಿ ಕೊಡುತ್ತದೆ. ಸಮುದ್ರದ ಒದ್ದೆ ಮರಳಿಗೆ ನನ್ನ ಎರಡೂ ಬೇಡ, ಉಪ್ಪುನೀರಿಗೆ ಸುಮ್ನೆ ಕೂಗುತ್ತಲೇ ಇರುತ್ತವೆ. ಅಲ್ಲಿಗೆ ಪಲ್ಸ್ ಇಂಡಕ್ಷನ್ (ಕಾಂತಕ್ಷೇತ್ರವನ್ನು ಬಿಟ್ಟುಬಿಟ್ಟು ಹೊರಡಿಸುವ) ಅಥವಾ ಹಲವು ಫ್ರೀಕ್ವೆನ್ಸಿಯ ಯಂತ್ರವೇ ಬೇಕು. ಒಂದು ಮೇಲಿನ ಮಾಡೆಲ್‌ಗೆ ಹಾಕುವ ದುಡ್ಡು ಇದ್ದರೆ ಅದರಲ್ಲಿ ಪಿನ್‌ಪಾಯಿಂಟರ್ ತಗೊಳ್ಳಿ, ಅಂದರೆ ಗುಂಡಿಯಲ್ಲಿ ವಸ್ತು ಸರಿಯಾಗಿ ಎಲ್ಲಿದೆ ಅಂತ ತೋರಿಸುವ, ಕೈಯಲ್ಲಿ ಹಿಡಿಯುವ ಸಣ್ಣ ಡಿಟೆಕ್ಟರ್. ಗುಂಡಿ ಸಣ್ಣದಾಗುತ್ತದೆ, ಹುಲ್ಲನ್ನು ಮೂರು ಕಡೆ ಮಾತ್ರ ಕತ್ತರಿಸಿ ಮುಚ್ಚಳದ ಹಾಗೆ ಎತ್ತಿ, ಮತ್ತೆ ಹಾಗೇ ಮುಚ್ಚಬಹುದು. ಜಾಗದವರ ಅನುಮತಿ ಕೇಳದೆ ಎಲ್ಲಿಗೂ ಯಾವ ಯಂತ್ರವನ್ನೂ ಒಯ್ಯಬೇಡಿ, ಹಳೇ ಸ್ಮಾರಕಗಳ ಹತ್ತಿರಕ್ಕಂತೂ ಬೇಡವೇ ಬೇಡ.

ನಾನು ಈಗ ಎರಡನ್ನೂ ಇಟ್ಟುಕೊಂಡಿದ್ದೇನೆ. ಡಿಸ್ಪ್ಲೇ ಇರುವುದರ ಗಾಜಿನ ಮೇಲೆ ಒಂದು ರಟ್ಟಿನ ತುಂಡನ್ನು ಮೇಲಿನ ಅಂಚಿಗೆ ಮಾತ್ರ ಟೇಪ್ ಹಾಕಿ ಅಂಟಿಸಿದ್ದೇನೆ. ಸಿಗ್ನಲ್ ಬಂದರೆ ಎರಡೂ ದಿಕ್ಕಿನಿಂದ ಕೇಳಿ, ಅಗೆಯಬೇಕೋ ಬೇಡವೋ ಮನಸ್ಸಲ್ಲೇ ತೀರ್ಮಾನ ಮಾಡಿಕೊಂಡು, ಆಮೇಲೆ ರಟ್ಟು ಎತ್ತಿ ನೋಡುತ್ತೇನೆ. 41 ಬಂದಿದ್ದರೆ ಈಗ ಅಗೆದೇ ಅಗೆಯುತ್ತೇನೆ.