ಪಿಎನ್‌ಆರ್ ಕನ್ಫರ್ಮ್ ಅಂತ ತೋರಿಸಿದರೂ ಸೀಟು ನಿಮ್ಮದಲ್ಲ! ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಏಜೆಂಟ್ ಹತ್ರ ಟಿಕೆಟ್ ಮಾಡಿಸುವವರು ಓದಿ

ಬೆಂಗಳೂರಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗಬೇಕು, ಟಿಕೆಟ್ ಸಿಗ್ತಿಲ್ಲ, ಏಜೆಂಟ್ ಹತ್ರ ಮಾಡಿಸೋಣ ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ವಯಸ್ಸಾದ ಅಪ್ಪ ಅಮ್ಮನನ್ನು ರಾತ್ರಿ ಹೊತ್ತು ಹಿಂದೂಪುರದಲ್ಲಿ ಇಳಿಸಿಕೊಂಡು ಬಸ್ಸಿನಲ್ಲಿ ವಾಪಸ್ ಕರೆತಂದಿದ್ದೇನೆ. ಕೈಯಲ್ಲಿ ಟಿಕೆಟ್ ಇತ್ತು. ಪಿಎನ್‌ಆರ್ ನಾನೇ ಚೆಕ್ ಮಾಡಿದ್ದೆ. ಕನ್ಫರ್ಮ್ ಅಂತಲೇ ತೋರಿಸಿತ್ತು. ಆದರೂ ಹೀಗಾಯಿತು.

ದೆಹಲಿಯಲ್ಲಿ ತಂಗಿಯ ಮನೆ ಗೃಹಪ್ರವೇಶ ಇತ್ತು. ಅಪ್ಪನಿಗೆ ಕಿವಿ ಆಪರೇಷನ್ ಆಗಿ ವಿಮಾನ ಸದ್ಯಕ್ಕೆ ಬೇಡ ಅಂದಿದ್ದಾರೆ. ರಾಜಧಾನಿ ಎಕ್ಸ್‌ಪ್ರೆಸ್ ದರ ಮೂರು ಜನಕ್ಕೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಉಳಿದಿದ್ದು ಕರ್ನಾಟಕ ಎಕ್ಸ್‌ಪ್ರೆಸ್, 12627. ಅಪ್ಪ ಈಗಲೂ ಅದನ್ನು ಕೆಕೆ ಅಂತಲೇ ಕರೆಯುತ್ತಾರೆ. ದಿನಾ ಓಡುವ ಗಾಡಿ. ಆದರೂ ಸೀಟು ಸಿಗಲ್ಲ, ಯಾಕೆಂದರೆ ರಾಯಚೂರು, ಕಲಬುರಗಿ, ಸೊಲ್ಲಾಪುರದವರಿಗೂ ಇದೇ ಬೇಕು, ಭೋಪಾಲ್, ಝಾನ್ಸಿ, ಆಗ್ರಾ ಕಡೆಯವರಿಗೂ ಇದೇ ಬೇಕು. ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದ ಮೇಲಂತೂ ಹಬ್ಬದ ಸೀಸನ್‌ನಲ್ಲಿ ಕೇಳಲೇಬೇಡಿ. ನಾನು ನೋಡುವಷ್ಟರಲ್ಲಿ ಉದ್ದದ ವೇಟಿಂಗ್ ಲಿಸ್ಟ್ ಬಂದಿತ್ತು.

ನಮ್ಮ ಏರಿಯಾದಲ್ಲೇ ಒಂದು ಅಂಗಡಿ ಇದೆ. ರೈಲು, ಬಸ್ಸು, ಪ್ಯಾನ್ ಕಾರ್ಡ್, ಕರೆಂಟ್ ಬಿಲ್ ಎಲ್ಲಾ ಮಾಡಿಕೊಡುತ್ತಾರೆ. ಹೆಸರು ಹಾಕಲ್ಲ, ಪೊಲೀಸ್ ದೂರು ನಡೀತಾ ಇದೆ. ಅಲ್ಲಿನವನು, "ತತ್ಕಾಲ್‌ನಲ್ಲಿ ಹಾಕ್ತೀನಿ ಸರ್, ಬೆಳಿಗ್ಗೆ 10 ಗಂಟೆಗೆ ಓಪನ್ ಆದ ತಕ್ಷಣ ನಮ್ಮ ಲಾಗಿನ್‌ನಲ್ಲಿ ಫಟ್ ಅಂತ ಬಂದುಬಿಡುತ್ತೆ, ತಲೆಗೆ 800 ಎಕ್ಸ್ಟ್ರಾ" ಅಂದ. ಇದೇ ಮೊದಲ ಸುಳ್ಳು. 2025ರ ಜುಲೈಯಿಂದ ತತ್ಕಾಲ್ ಶುರುವಾದ ಮೊದಲ ಅರ್ಧ ಗಂಟೆ ಏಜೆಂಟರು ಬುಕ್ ಮಾಡುವ ಹಾಗೇ ಇಲ್ಲ. ಎಸಿಗೆ 10ರಿಂದ 10:30, ಸ್ಲೀಪರ್‌ಗೆ 11ರಿಂದ 11:30. ಸಾಲದ್ದಕ್ಕೆ ಅಧಿಕೃತ ಏಜೆಂಟರು ಎಸಿ ಟಿಕೆಟ್‌ಗೆ ತಗೊಳ್ಳಬಹುದಾದ ಸೇವಾ ಶುಲ್ಕ ಬರೀ 40 ರೂಪಾಯಿ. ಇವೆಲ್ಲ ನನಗೆ ಗೊತ್ತಾಗಿದ್ದು ದೂರು ಕೊಡಲು ಹೋದಾಗ.

ಹೊರಡುವ ಹಿಂದಿನ ದಿನ ಮಧ್ಯಾಹ್ನದೊಳಗೆ ವಾಟ್ಸಾಪ್‌ಗೆ ಪಿಡಿಎಫ್ ಬಂತು. ಬಿ4 ಬೋಗಿ, 17, 18, 20. ಅಪ್ಪ ಅಮ್ಮ ಇಬ್ಬರಿಗೂ ಲೋಯರ್ ಬರ್ತ್. ನಮ್ಮ ಮೂವರ ಹೆಸರು, ವಯಸ್ಸು ಎಲ್ಲಾ ಸರಿಯಾಗಿತ್ತು. ಪಿಎನ್‌ಆರ್ ಹಾಕಿ ನೋಡಿದೆ. ಅದೇ ರೈಲು, ಅದೇ ತಾರೀಕು, ಮೂರು ಪ್ರಯಾಣಿಕರು, ಮೂವರೂ ಕನ್ಫರ್ಮ್, ಅದೇ ಬರ್ತ್ ನಂಬರ್. ಇನ್ನೇನು ಬೇಕು ಹೇಳಿ? ಬೇರೆ ಯಾರಾದರೂ ಇದಕ್ಕಿಂತ ಜಾಸ್ತಿ ಏನು ಚೆಕ್ ಮಾಡ್ತಾರೆ?

ಮೆಜೆಸ್ಟಿಕ್‌ನಿಂದ ರೈಲು ಹೊರಡುವುದು ಸಂಜೆ 7:20ಕ್ಕೆ. ನಾವು ಮೊದಲೇ ಹೋಗಿ ಕೂತೆವು. ಅಮ್ಮ ಬೆಡ್‌ಶೀಟ್ ಹಾಸಿ, ಚಪಾತಿ ಡಬ್ಬಿ ಕಿಟಕಿ ಪಕ್ಕದ ಟೇಬಲ್ ಮೇಲೆ ಇಟ್ಟಿದ್ದರು. ಹೊರಡಲು ಕೆಲವೇ ನಿಮಿಷ ಇರುವಾಗ ಒಂದು ಕುಟುಂಬ ಓಡಿಬಂತು. ಗಂಡ, ಹೆಂಡತಿ, ಕಾಲೇಜು ಓದುವ ಮಗ. ಝಾನ್ಸಿಗೆ ಹೋಗುವವರು. "ಇದು ನಮ್ಮ ಸೀಟು" ಅಂದರು. ನಾನು ಜೋರಾಗಿಯೇ "ಇಲ್ಲ, ನಮ್ಮದು" ಅಂದೆ. ಇಬ್ಬರೂ ಮೊಬೈಲ್ ತೆಗೆದೆವು. ಪಕ್ಕಪಕ್ಕ ಹಿಡಿದು ನೋಡಿದರೆ ಒಂದೇ ಪಿಎನ್‌ಆರ್! ಹತ್ತೂ ಅಂಕಿ ಒಂದೇ. ಬೋಗಿ ಒಂದೇ, ಬರ್ತ್ ಒಂದೇ. ಹೆಸರು ಮಾತ್ರ ಬೇರೆ, ಇಳಿಯುವ ಊರು ಬೇರೆ. ಎಲ್ಲಿ ಮಾಡಿಸಿದ್ದು ಅಂತ ಕೇಳಿದರೆ ಅದೇ ಅಂಗಡಿ!

ಅಷ್ಟರಲ್ಲಿ ಗಾಡಿ ಹೊರಟಿತ್ತು. ಟಿಟಿ ಬಂದು ಕೈಯಲ್ಲಿದ್ದ ಟ್ಯಾಬ್ ನೋಡಿ ಅವರ ಹೆಸರು ಓದಿದರು. ನಮ್ಮ ಹೆಸರು ಆ ರೈಲಿನಲ್ಲೇ ಇಲ್ಲ. ಆಗ ಆ ಹುಡುಗ ನಮ್ಮ ಪಿಡಿಎಫ್‌ನಲ್ಲಿದ್ದ ಕ್ಯೂಆರ್ ಕೋಡನ್ನು ತನ್ನ ಫೋನಿನಲ್ಲಿ ಸ್ಕ್ಯಾನ್ ಮಾಡಿದ. ಅದರೊಳಗಿಂದ ಬಂದಿದ್ದು ಅವನ ಅಪ್ಪನ ಹೆಸರು, ಅವನ ಅಮ್ಮನ ಹೆಸರು, ಅವನ ಹೆಸರು. ಅಂಗಡಿಯವನು ಅವರ ಟಿಕೆಟ್‌ನಲ್ಲೇ ಹೆಸರು, ಊರು ಅಳಿಸಿ ನಮ್ಮದನ್ನು ಟೈಪ್ ಮಾಡಿ ಕಳಿಸಿದ್ದಾನೆ. ಕ್ಯೂಆರ್ ಕೋಡ್ ಬದಲಾಯಿಸಲು ಆಗಿಲ್ಲ. ಆಮೇಲೆ ದೊಡ್ಡದು ಮಾಡಿ ನೋಡಿದರೆ ನಮ್ಮ ಹೆಸರಿನ ಅಕ್ಷರ ಉಳಿದದ್ದಕ್ಕಿಂತ ಒಂಚೂರು ದಪ್ಪ ಇತ್ತು. ಆ ಸಾಲನ್ನು ಎಷ್ಟು ಸಲ ನೋಡಿದೆನೋ.

"ಎಲ್ಲಿಂದ ತಂದ್ರಿ ಇದನ್ನ?" ಅಂತ ಟಿಟಿ ಕೇಳಿದಾಗ ಇಡೀ ಬೋಗಿ ನಮ್ಮನ್ನೇ ನೋಡ್ತಾ ಇತ್ತು. ಜೀವನದಲ್ಲಿ ಟಿಕೆಟ್ ಇಲ್ಲದೆ ಸಿಟಿ ಬಸ್ಸೂ ಹತ್ತದ ಅಪ್ಪ ಬ್ಯಾಗು ತಬ್ಬಿಕೊಂಡು ದಾರಿ ಮಧ್ಯೆ ನಿಂತಿದ್ದರು. ಅಮ್ಮ ಬೆಡ್‌ಶೀಟ್ ಮಡಚ್ತಾ ಇದ್ದರು. ಟಿಟಿ ಒಳ್ಳೆಯವರು, ಕೂಗಾಡಲಿಲ್ಲ. ಆದರೆ ನಿಯಮ ನಿಯಮವೇ. ಟಿಕೆಟ್ ಇಲ್ಲದವರು ಅಂತಲೇ ಲೆಕ್ಕ. ಹಿಂದೂಪುರದವರೆಗಿನ ದರ, ಅದರ ಮೇಲೆ ಒಬ್ಬೊಬ್ಬರಿಗೂ ದಂಡ. ಕನಿಷ್ಠವೇ 250 ರೂಪಾಯಿ.

ಅಲ್ಲಿಂದಲೇ ಅಂಗಡಿಯವನಿಗೆ ಫೋನ್ ಮಾಡಿದೆ. "ಸರ್, ಸಿಸ್ಟಂ ಎರರ್ ಇರಬೇಕು, ಟಿಟಿಗೆ ಏನಾದ್ರೂ ಕೊಟ್ಟು ಅಡ್ಜಸ್ಟ್ ಮಾಡ್ಕೊಳ್ಳಿ" ಅಂದ. ಅಡ್ಜಸ್ಟ್! ಎರಡು ರಾತ್ರಿಯ ಪ್ರಯಾಣ, ಸುಮಾರು 2,400 ಕಿಲೋಮೀಟರ್, ವಯಸ್ಸಾದವರನ್ನು ಎಲ್ಲಿ ಅಡ್ಜಸ್ಟ್ ಮಾಡುವುದು? ಮತ್ತೆ ಮಾಡಿದೆ, ಕಟ್. ಮತ್ತೆ ಮಾಡಿದೆ, ಸ್ವಿಚ್ ಆಫ್. ಕೊನೆಗೆ ವಾಟ್ಸಾಪ್‌ನಲ್ಲಿ ಒಂದು ಸಾಲು: "ರೀಫಂಡ್ 7 ವರ್ಕಿಂಗ್ ಡೇಸ್." ಯಾವ ರೀಫಂಡ್? ಟಿಕೆಟ್ಟೇ ಇಲ್ಲದ ಮೇಲೆ ರೈಲ್ವೆ ಯಾರಿಗೆ, ಯಾವ ರೀಫಂಡ್ ಕೊಡುತ್ತೆ?

ಮರುದಿನ ಅಂಗಡಿಗೆ ಹೋದರೆ ಮಾತೇ ಬೇರೆ. "ಆ ಪಿಡಿಎಫ್ ನಾನು ಕಳಿಸಿಲ್ಲ, ನನ್ನ ವಾಟ್ಸಾಪ್ ಹ್ಯಾಕ್ ಆಗಿತ್ತು." ದುಡ್ಡು ಎಲ್ಲಿ ಅಂದರೆ "ನನ್ನ ಅಕೌಂಟಿಗೆ ಬಂದಿದ್ಯಾ ತೋರಿಸಿ." ಯುಪಿಐ ಮಾಡಿಸಿಕೊಂಡಿದ್ದು ಬೇರೆ ಯಾರದೋ ಹೆಸರಿನ ಕ್ಯೂಆರ್‌ಗೆ! ಹಣ ಹಾಕುವಾಗ ಕೇಳಿದ್ದಕ್ಕೆ "ನಮ್ಮ ಬಾವನದು ಸರ್" ಅಂದಿದ್ದ. ಈಗ ಬಾವ ಯಾರು ಅಂತಲೇ ಗೊತ್ತಿಲ್ಲವಂತೆ. ನಾನು ದನಿ ಏರಿಸಿದಾಗ ಪಕ್ಕದಲ್ಲಿ ಟಿಕೆಟ್‌ಗೆ ನಿಂತಿದ್ದವರಿಗೆ "ಇವರಿಗೆ ರೈಲು ಮಿಸ್ ಆಗಿದೆ, ಅದಕ್ಕೆ ಕೋಪ" ಅಂತ ನಗುತ್ತಾ ಹೇಳಿದ. ಆ ನಗು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ನೀವು ತಿಳಿದುಕೊಳ್ಳಬೇಕಾದ್ದು ಇಷ್ಟೇ. ಪಿಎನ್‌ಆರ್ ಸ್ಟೇಟಸ್‌ನಲ್ಲಿ ಪ್ರಯಾಣಿಕರ ಹೆಸರು ಬರಲ್ಲ. ರೈಲು, ತಾರೀಕು, ಹತ್ತುವ ಇಳಿಯುವ ಊರು, ಬರ್ತ್ ಬರುತ್ತೆ. ಇಳಿಯುವ ಊರನ್ನು ನಾನು ಗಮನಿಸಿರಲಿಲ್ಲ. ಅವನು ಆಡಿದ್ದು ಅಲ್ಲೇ. ಮೂರು ಜನಕ್ಕೆ ಮೂರು ಜನರ ಟಿಕೆಟ್ ಹುಡುಕಿ ಕೊಟ್ಟರೆ ಯಾರಿಗೂ ಅನುಮಾನ ಬರಲ್ಲ. ಹಾಗಾಗಿ ಪಿಡಿಎಫ್ ಬಂದ ಕೂಡಲೇ ಕ್ಯೂಆರ್ ಸ್ಕ್ಯಾನ್ ಮಾಡಿ ನಿಮ್ಮ ಹೆಸರು ಇದೆಯಾ ನೋಡಿ. ಬುಕ್ ಮಾಡುವಾಗ ನಿಮ್ಮ ಮೊಬೈಲ್ ನಂಬರ್ ಹಾಕಿಸಿ, ಬುಕಿಂಗ್ ಮೆಸೇಜ್ ನಿಮಗೇ ಬರಬೇಕು. "ನಮ್ಮ ನಂಬರ್ ಹಾಕಿದ್ರೇನೆ ಆಗೋದು" ಅಂದರೆ ಅಲ್ಲಿಂದ ಎದ್ದು ಬನ್ನಿ. ಸಾಧ್ಯವಾದರೆ ಆಧಾರ್ ಜೋಡಿಸಿ ನಿಮ್ಮದೇ ಲಾಗಿನ್‌ನಲ್ಲಿ ಮಾಡಿ, ಇಲ್ಲವೇ ಸ್ಟೇಷನ್ ಕೌಂಟರ್‌ಗೆ ಹೋಗಿ. ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್‌ನ ದುಡ್ಡಾದರೂ ತಾನಾಗಿ ವಾಪಸ್ ಬರುತ್ತೆ, ಇವನ ಹತ್ರ ಕೊಟ್ಟಿದ್ದು ಬರಲ್ಲ.

ಹಣದ ಮೋಸಕ್ಕೆ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇನೆ, ರೈಲ್ವೆಗೆ ಅವರ ಸಹಾಯವಾಣಿ 139ರಲ್ಲಿ ಹೇಳಿದ್ದೇನೆ. ಅಧಿಕಾರ ಇಲ್ಲದೆ ಟಿಕೆಟ್ ದಂಧೆ ನಡೆಸುವವರಿಗೆ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಜೈಲು ಇದೆ. ಝಾನ್ಸಿಯ ಆ ಕುಟುಂಬ ತಮ್ಮ ಟಿಕೆಟ್ ಪ್ರತಿ ಕಳಿಸಿಕೊಟ್ಟಿದ್ದಾರೆ, ಸಾಕ್ಷಿ ಹೇಳುತ್ತೇವೆ ಅಂದಿದ್ದಾರೆ. ಬೆಂಗಳೂರಲ್ಲಿ ಬೇರೆ ಯಾರಿಗಾದರೂ ಹೀಗೇ ಒಂದೇ ಪಿಎನ್‌ಆರ್ ಇಬ್ಬರಿಗೆ ಬಂದಿದ್ದರೆ ಪಿಡಿಎಫ್ ಅಳಿಸಬೇಡಿ, ನನಗೆ ಮೆಸೇಜ್ ಮಾಡಿ. ಸೋಮವಾರ ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ಠಾಣೆಗೆ ಮತ್ತೆ ಹೋಗ್ತಾ ಇದ್ದೇನೆ. ಒಬ್ಬನೇ ಹೋದರೆ ಒಂದು ದೂರು, ಹತ್ತು ಜನ ಹೋದರೆ ಆ ಅಂಗಡಿ ಮುಚ್ಚುತ್ತೆ.